ವನಜಕ್ಕನ ಎಡಗಡೆಯ ಬೆಕ್ಕುಗಳು

ಒಣಮೀನಿನ ವ್ಯಾಪಾರಕ್ಕೆ ಕಳ್ಳರು ಮೂರು ತರಹ: ಕಾಗೆ, ಬೆಕ್ಕು ಮತ್ತು ತಕ್ಕಡಿ ಹಿಡಿದವನು. ಮೂರನೆಯವನು ಹೆಚ್ಚಾಗಿ ನಾನೇ ಆದ್ದರಿಂದ ಅವನ ಮೇಲೆ ಕಣ್ಣಿಡುವುದು ಕಷ್ಟವಿರಲಿಲ್ಲ. ಮೊದಲಿಬ್ಬರಿಗೆಂದು ನಮ್ಮ ಅಂಗಳದಲ್ಲಿ ವನಜಕ್ಕ ಇದ್ದಳು.

ಗಂಗೊಳ್ಳಿಯ ಬಂದರು ದಾಟಿದ ಮೇಲೆ ಮರಳಿನಲ್ಲಿ ನಮ್ಮ ಅಂಗಳ. ಹಳೆಯ ಬಲೆ ಹಾಸಿ, ಅದರ ಮೇಲೆ ಬೈಗೆ, ಬಂಗುಡೆ ಮೀನು, ಸೆಟ್ಲಿ ಸಿಗಡಿ ಹರಡಿ ಬಿಸಿಲಿಗೆ ಬಿಡುತ್ತೇವೆ. ಸಮುದ್ರಕ್ಕೆ ಮುಖ ಮಾಡಿ ನಿಂತರೆ ಎಡಗಡೆ ಐಸ್ ಪ್ಲಾಂಟಿನ ಕೆಂಪುಕಲ್ಲಿನ ಗೋಡೆ, ಬಲಗಡೆ ತೆಂಗಿನ ಸಾಲು, ನಡುವೆ ಹಿಂದುಗಡೆಗೆ ಒಂದು ಹೊನ್ನೆ ಮರ. ಮರದ ಬುಡದಲ್ಲಿ ಮಗುಚಿ ಹಾಕಿದ ಮೀನಿನ ಕ್ರೇಟು. ಇಪ್ಪತ್ತು ವರ್ಷ ಅದರ ಮೇಲೆ ಕೂತವಳು ವನಜಕ್ಕ. ಕೈಯಲ್ಲಿ ಎರಡು ಆಳುದ್ದದ ಬಿದಿರ ಗಳು, ತುದಿಯಲ್ಲಿ ಹರಿದ ಪ್ಲಾಸ್ಟಿಕ್ ಚೀಲ.

ಬೀಜಾಡಿಯಿಂದ ಗಂಗೊಳ್ಳಿಗೆ ಕೊಟ್ಟ ಹೆಣ್ಣು ಅವಳು. ಗಂಡ ಲೀಲಾಧರ ಬೋಟಿನಲ್ಲಿ ಬಿದ್ದು ಸೊಂಟ ಕೆಡಿಸಿಕೊಂಡು ಮನೆಯಲ್ಲಿ ಕೂತ ಮೇಲೆ, 1997ರ ಮಳೆಗಾಲ ಕಳೆದು ನಮ್ಮಲ್ಲಿಗೆ ಮೀನು ಹರಡಲು ಬಂದಳು. ಬಂದ ಮೂರನೆಯ ದಿನ ಒಂದು ಗಂಡು ಬೆಕ್ಕು ಬಂಗುಡೆ ಕಚ್ಚಿಕೊಂಡು ಓಡಿತು. ಆಳುಗಳೆಲ್ಲ ಅದರ ಹಿಂದೆ ಓಡಿದರು. ಇವಳು ಮಾತ್ರ ಬೇರೆ ದಿಕ್ಕಿಗೆ ನಿಧಾನ ನಡೆದುಕೊಂಡು ಹೋಗಿ ಗೋದಾಮಿನ ಹಿಂದಿನ ಮೋರಿಯ ಬಾಯಿಗೆ ಕೂತಳು. ಬೆಕ್ಕು ಸುತ್ತಿ ಬಳಸಿ ಅಲ್ಲಿಗೇ ಬಂತು. ಬಂಗುಡೆ ಬಿಟ್ಟು ಹೋಯಿತು.

"ಬೆಕ್ಕಿನ್ ಹಿಂದ್ ಓಡುದ್ ಎಂತಕೆ," ಅಂದಳು ನನಗೆ. "ಅದ್ ಎಲ್ಲಿಗ್ ಹೋತ್ತೋ ಅಲ್ಲಿಗ್ ಮೊದ್ಲ್ ಹೋಯಿ ಕೂಕಂಬುದ್."

ವ್ಯಾಪಾರದಲ್ಲಿ ನಾನು ಹತ್ತು ವರ್ಷ ಪೆಟ್ಟು ತಿಂದು ಕಲಿತದ್ದನ್ನು ಇವಳು ಒಂದು ಮಾತಿನಲ್ಲಿ ಹೇಳಿದ್ದಳು. ಮರುದಿನದಿಂದ ಕ್ರೇಟು ಅವಳದಾಯಿತು.

ನಮ್ಮ ಅಪ್ಪನ ಕಾಲದಿಂದ ಅಂಗಳದಲ್ಲೊಂದು ಪದ್ಧತಿ ಇದೆ. ಮಳೆಗಾಲ ಮುಗಿದು ಮೊದಲ ಸಲ ಮೀನು ಹರಡುವ ದಿನ ಒಂದು ಬುಟ್ಟಿ ಬೈಗೆಯನ್ನು ಗೋಡೆಯ ಬದಿಗೆ ಸುರಿದುಬಿಡುತ್ತೇವೆ. ಅದು ಬೆಕ್ಕಿನ ಪಾಲು. ಆ ದಿನ ಯಾರೂ ಬೆಕ್ಕಿಗೆ ಗದರುವಂತಿಲ್ಲ. ಮರುದಿನದಿಂದ ಒಂದು ಬಾಲವೂ ಸಿಗಬಾರದು. ಈ ಒಪ್ಪಂದವನ್ನು ಬೆಕ್ಕುಗಳು ಓದಿಲ್ಲ, ಆದರೆ ವನಜಕ್ಕ ಓದಿಸುತ್ತಿದ್ದಳು. "ಪಾಲ್ ಕೊಟ್ಟಾಯ್ತ್, ಇನ್ ಬಂದ್ರೆ ಪೆಟ್ಟೇ," ಎಂದು ಗಳು ಬೀಸಿದರೆ ಐಸ್ ಪ್ಲಾಂಟಿನ ಮಾಡಿನ ಮೇಲಿನ ಬೆಕ್ಕೂ ಮುಖ ತಿರುಗಿಸುತ್ತಿತ್ತು. ಇಪ್ಪತ್ತು ವರ್ಷ ನಮ್ಮ ಅಂಗಳದ ಮೀನು ನಮಗೇ ಉಳಿಯಿತು.

2017ರ ದಸರಾ ಕಳೆದದ್ದೇ ಅದು ನಿಂತಿತು.

ಗೋಡೆಯ ಬದಿಯ ಎರಡು ಸಾಲು ದಿನಕ್ಕಿಷ್ಟು ತೆಳುವಾಗತೊಡಗಿತು. ಮೊದಲು ಕಾಗೆ ಅಂದುಕೊಂಡೆವು. ಕಾಗೆ ಕಣ್ಣು ಕುಕ್ಕಿ ಹೋಗುತ್ತದೆ, ಇಲ್ಲಿ ಇಡೀ ಮೀನೇ ಇಲ್ಲ. ಬಲಗಡೆಯ ಸಾಲುಗಳಲ್ಲಿ ಒಂದು ಸೆಟ್ಲಿಯೂ ಕಡಿಮೆಯಿಲ್ಲ. ಹೊನ್ನೆ ಮರದ ಬುಡದಲ್ಲಿ ವನಜಕ್ಕ ಮೊದಲಿನ ಹಾಗೆಯೇ ಕೂತಿದ್ದಾಳೆ, ಗಳು ತೊಡೆಯ ಮೇಲೆ.

ನನ್ನ ಹೆಂಡತಿಯ ತಮ್ಮ ಪ್ರೇಮಾನಂದ ಅಂಗಳದ ಉಸ್ತುವಾರಿ. ಮನುಷ್ಯ ಕೆಟ್ಟವನಲ್ಲ. ಆದರೆ ಎರಡು ವರ್ಷ ಮುಂಬಯಿಯ ಗೋದಾಮಿನಲ್ಲಿದ್ದು ಬಂದವನು, ಬೀಗಕ್ಕೂ ಬೀಗ ಹಾಕುವ ಸ್ವಭಾವ.

"ಭಾವ, ಬೆಕ್ಕಿನ್ ಪಾಲ್ ವರ್ಷಕ್ ಒಂದಿನ ಅಲ್ದಾ? ಈಗ ದಿನಾ ಆಯ್ತ್ ಕಾಣಿ."

"ಬೆಕ್ಕ್ ಹೆಚ್ಚಾಯ್ತೇನೋ."

"ಹೆಚ್ಚಾಯ್ತ್. ಎರ್ಡ್ ಕಾಲಿನ್ ಬೆಕ್ಕ್." ಅವನು ಗೋಡೆಯತ್ತ ಗಲ್ಲ ಎತ್ತಿದ. ಗೋಡೆಯ ಆಚೆಗಿನ ಓಣಿಯಲ್ಲಿ ವನಜಕ್ಕನ ನಾದಿನಿ ಪುಷ್ಪಳ ಮನೆ. ಪುಷ್ಪ ಬೈಂದೂರು ಸಂತೆಗೆ ಒಣಮೀನು ಹೊತ್ತು ಮಾರುವವಳು. "ಗ್ವಾಡೆ ಮೇಲಿಂದ್ ಒಂದ್ ಚೀಲ ದಾಟ್ಸುಕ್ ಎಷ್ಟ್ ಹೊತ್ತ್ ಬೇಕ್?"

ನಾನು ನಕ್ಕೆ. ನಕ್ಕದ್ದು ನಂಬದೆ ಅಲ್ಲ, ಆ ಲೆಕ್ಕ ನನ್ನ ತಲೆಗೆ ಮೊದಲೇ ಬಂದಿತ್ತಲ್ಲ ಎಂಬ ನಾಚಿಕೆಯಿಂದ.

ಶುಕ್ರವಾರ ಮಧ್ಯಾಹ್ನ ಗೋದಾಮಿನ ಕಿಟಕಿಯ ಹಿಂದೆ ನಿಂತು ನಾನೇ ಕಾದೆ. ಒಂದು ಪಟ್ಟೆ ಬೆಕ್ಕು ಐಸ್ ಪ್ಲಾಂಟಿನ ಗೋಡೆಯಿಂದ ಇಳಿಯಿತು. ಓಡಲಿಲ್ಲ. ಮದುವೆಗೆ ಬಂದ ನೆಂಟರ ಹಾಗೆ ನಡೆದು ಬಂತು. ಸಾಲಿನ ಪಕ್ಕ ಕೂತು ಒಂದು ಬಂಗುಡೆ ತಿಂದು, ಬಾಯಿ ಒರೆಸಿಕೊಂಡು, ಇನ್ನೊಂದನ್ನು ಕಚ್ಚಿಕೊಂಡು ಹೋಯಿತು. ವನಜಕ್ಕ ಸಮುದ್ರದ ಕಡೆ ಮುಖ ಮಾಡಿ ಕೂತಿದ್ದಳು. ಬೆಕ್ಕು ಅವಳಿಂದ ಮೂವತ್ತು ಅಡಿ ದೂರದಲ್ಲಿತ್ತು. ಅವಳು ಗಳು ಎತ್ತಲಿಲ್ಲ.

ನನಗೆ ಕೋಪ ಬಂದದ್ದು ಮೀನಿಗಲ್ಲ. ಬೆಕ್ಕು ಹೆದರಲಿಲ್ಲವಲ್ಲ, ಅದಕ್ಕೆ. ಹೆದರಿಕೆ ಇಲ್ಲದ ಕಡೆ ಒಳಒಪ್ಪಂದ ಇರುತ್ತದೆ ಎಂಬುದು ನಮ್ಮ ಕಸುಬಿನ ಪಾಠ. ಹೊರಗೆ ಬಂದು ಕೇಳಿದೆ:

"ವನಜಕ್ಕ, ಗ್ವಾಡೆ ಬದಿ ಸಾಲ್ ತೆಳು ಆದ್ ಹಾಂಗ್ ಕಾಂತ್ ಅಲೆ?"

"ಯಾವ್ ಸಾಲ್?"

"ಗ್ವಾಡೆ ಬದಿದ್."

"ಅಲ್ಲಿ ಇವತ್ತ್ ಮೀನ್ ಹಾಕಿರ್ಯಾ? ನಂಗ್ ಯಾರೂ ಹೇಳ್ಲೇ ಇಲ್ಲೆ."

ಅಷ್ಟು ದೊಡ್ಡ ಎರಡು ಸಾಲನ್ನು ಎದುರಿಗಿಟ್ಟುಕೊಂಡು ಹೀಗೆ ಹೇಳುವುದಕ್ಕೆ ಒಂದೋ ಬಹಳ ಧೈರ್ಯ ಬೇಕು, ಇಲ್ಲವೋ ಬಹಳ ತಿರಸ್ಕಾರ. ನಾನು ತಿರಸ್ಕಾರ ಎಂದೇ ಓದಿಕೊಂಡೆ. ಮೊದಲೇ ಬೇರೆ ಕೆಲವು ಸಂಗತಿಗಳು ಕಣ್ಣಿಗೆ ಬಿದ್ದಿದ್ದವು. ಮಧ್ಯಾಹ್ನ ಗಂಜಿ ಉಣ್ಣುವಾಗ ಬಟ್ಟಲಿನ ಒಂದು ಬದಿಯ ಹುರಿದ ಬೈಗೆಯನ್ನು ಹಾಗೇ ಬಿಟ್ಟು, "ಇವತ್ತ್ ಮೀನ್ ಇಲ್ಯಾ?" ಎಂದು ಕೇಳುತ್ತಿದ್ದಳು. ಸಾಹುಕಾರರ ಮನೆಯವರಿಗಿಂತ ನಾಲಗೆ ಉದ್ದವಾಯಿತು ಎಂದು ನಾನೇ ತಮಾಷೆ ಮಾಡಿದ್ದೆ. ಜತೆಯ ಕೆಲಸದ ಸುಗುಣ ಗೋಡೆಯ ಕಡೆಯಿಂದ ಬಂದು ಮಾತಾಡಿಸಿದರೆ ಉತ್ತರವಿಲ್ಲ. ಸುಗುಣ ಅದನ್ನು ಜಗಳ ಎಂದುಕೊಂಡು ತಾನೂ ಮಾತು ಬಿಟ್ಟಿದ್ದಳು. ಗೇಟಿನ ಕಂಬಕ್ಕೆ ಭುಜ ಬಡಿದುಕೊಂಡು ಕಂಬಕ್ಕೇ ಬೈದದ್ದೂ ಇತ್ತು. ವಯಸ್ಸು ಐವತ್ತೆಂಟು, ಸೊಕ್ಕು ಇಪ್ಪತ್ತೆಂಟು, ಅಂದ ಪ್ರೇಮಾನಂದ.

ಅವನು ಮಲ್ಪೆಯಿಂದ ಹಸಿರು ಬಲೆ ತರಿಸಿಬಿಟ್ಟಿದ್ದ. ಕಂಬ ನೆಟ್ಟು ಅಂಗಳಕ್ಕೆಲ್ಲ ಮೇಲಿಂದ ಮುಚ್ಚುವ ಬಲೆ. ಸೋಮವಾರ ಕಟ್ಟುವುದು. ಬಲೆ ಬಂದ ಮೇಲೆ ಕಾಯುವವಳು ಬೇಡ. ಅದನ್ನು ವನಜಕ್ಕನಿಗೆ ಹೇಳುವ ಕೆಲಸ ನನ್ನದು, ಭಾನುವಾರದೊಳಗೆ. ಬಾಯಿಬಿಟ್ಟು ಕಳ್ಳಿ ಅನ್ನುವ ಹಾಗಿಲ್ಲ. ಬಲೆಯ ಹೆಸರಿನಲ್ಲಿ ಮರ್ಯಾದೆಯಿಂದ ಕಳಿಸುವುದು. ಮರ್ಯಾದೆ ಯಾರದ್ದು ಉಳಿಯುತ್ತದೆ ಎಂದು ನಾನು ಕೇಳಿಕೊಳ್ಳಲಿಲ್ಲ. ಗಂಗೊಳ್ಳಿ ಸಣ್ಣ ಊರು. ಇಪ್ಪತ್ತು ವರ್ಷ ಕಾದವಳನ್ನು ಸೀಸನ್ ನಡುವೆ ಬಿಡಿಸಿದರೆ ಯಾಕೆ ಬಿಡಿಸಿದ್ದೆಂದು ಮೀನಿನ ದರ ಕೇಳುವ ಮೊದಲು ಜನ ಕೇಳುತ್ತಾರೆ. ಆಮೇಲೆ ಬೇರೆ ಯಾವ ಅಂಗಳವೂ ಅವಳನ್ನು ಒಳಗೆ ಬಿಡುವುದಿಲ್ಲ.

ಭಾನುವಾರ ಬೆಳಿಗ್ಗೆ ಹೇಳೋಣ ಅಂದುಕೊಂಡೆ. ಬಿಸಿಲೇರಲಿ ಅಂದುಕೊಂಡೆ. ಗಂಜಿಯಾಗಲಿ ಅಂದುಕೊಂಡೆ. ಸಾಲ ಕೇಳಲು ಬಂದವನ ಹಾಗೆ ಮೂರು ಸಲ ಹೊನ್ನೆ ಮರದ ತನಕ ಹೋಗಿ, ಗಾಳಿಯ ವಿಷಯ ಮಾತಾಡಿ ವಾಪಸು ಬಂದೆ. ಮೂರನೆಯ ಸಲ ಅವಳೇ ಕೇಳಿದಳು: "ಎಂತ ಸಾಹ್ಕಾರ್ರೆ, ಎಂತದೋ ನುಂಗ್ಕಂಡಿದ್ರಿ. ಮುಳ್ಳ್ ಸಿಕ್ಕೀತಾ?"

ಸಂಜೆ ನಾಲ್ಕಕ್ಕೆ ಚಹಾದ ಹೊತ್ತು. ಅವಳ ಮೊಮ್ಮಗಳು ಮೋಕ್ಷಿತಾ ಬಂದಿದ್ದಳು. ಎಂಟನೆಯ ತರಗತಿ, ಹುಟ್ಟಿದ್ದು ಅಜ್ಜಿಯ ಮೂಗು ಮತ್ತು ಬಾಯಿ ಎರಡನ್ನೂ ತೆಗೆದುಕೊಂಡು. ಮುಂಬಯಿಯ ಹೋಟೆಲಿನಲ್ಲಿರುವ ಅಪ್ಪ ಒಂದು ಹಳೆಯ ಟ್ಯಾಬ್ ಕಳಿಸಿದ್ದ. ಅದರಲ್ಲಿ ಒಂದು ಆಟ. ಬಿಳಿಯ ಮೇಲೆ ಕಪ್ಪು ಗೆರೆಯಲ್ಲಿ ಬರೆದ ಒಂದು ಇಡೀ ಊರು: ಮನೆ, ಮಾಡು, ಕಿಟಕಿ, ಮರ, ಏಣಿ, ಗಾಡಿ. ಅದರೊಳಗೆ ನೂರು ಬೆಕ್ಕು ಅಡಗಿವೆ. ಕಂಡ ಬೆಕ್ಕನ್ನು ಮುಟ್ಟಿದರೆ ಅದು ಮಿಯಾಂ ಎಂದು ಅರಿಶಿನ ಬಣ್ಣಕ್ಕೆ ತಿರುಗುತ್ತದೆ. ಹಿಂದಿನಿಂದ ಮೆಲ್ಲನೆ ಸಂಗೀತ. ಗಡಿಯಾರವಿಲ್ಲ, ಸೋಲಿಲ್ಲ, ಜೀವ ಹೋಗುವುದಿಲ್ಲ. ಮನಸ್ಸಿಗೆ ಆರಾಮ ಕೊಡಲು ಮಾಡಿದ ಆಟ ಎಂದು ಹುಡುಗಿ ವಿವರಿಸಿದಳು. ಆ ದಿನ ನಮ್ಮಲ್ಲಿ ಅದನ್ನು ಆಡಿದ ರೀತಿ ನೋಡಿದ್ದರೆ ಮಾಡಿದವರು ಆ ಮಾತನ್ನು ಅಳಿಸುತ್ತಿದ್ದರು.

ಶುರು ಮಾಡಿದ್ದು ಪ್ರೇಮಾನಂದ. "ಇಪ್ಪತ್ ವರ್ಷ ಬೆಕ್ಕ್ ಕಾದ್ ಕಣ್ಣ್. ಕೊಡ್ ಹೆಣ್ಣೆ ನಿನ್ ಅಮ್ಮಮ್ಮಂಗೆ. ನೂರ್ ಬೆಕ್ಕ್ ಹಿಡುಕ್ ಎಷ್ಟ್ ಹೊತ್ ಬೇಕ್ ಕಾಂಬ."

ಅವನ ನಗೆಯೊಳಗಿನ ಮುಳ್ಳು ನನಗೆ ಕಂಡಿತು. ತಡೆಯಬಹುದಿತ್ತು. ಹೇಳಬೇಕಾದ ಮಾತು ಇನ್ನಷ್ಟು ಹೊತ್ತು ಮುಂದೆ ಹೋಗುತ್ತದಲ್ಲ ಎಂದು ಸುಮ್ಮನಾದೆ.

ಮಗುಚಿದ ಇನ್ನೊಂದು ಕ್ರೇಟಿನ ಮೇಲೆ ಟ್ಯಾಬನ್ನು ಮಲಗಿಸಿ ಇಟ್ಟರು. ವನಜಕ್ಕ ಕೈಯನ್ನು ಸೆರಗಿಗೆ ಒರೆಸಿ ಬಗ್ಗಿದಳು.

"ಇದೊಂದ್, ಮಾಡಿನ್ ಮೇಲ್ ಮನೀಕಂಡದ್. ಕಾಗೆ ಬಪ್ಪುದ್ ಕಾಯ್ತಿತ್ತ್. ಇದ್ ಹೆಣ್ ಬೆಕ್ಕ್, ಹೊಟ್ಟೆಲ್ ಮರಿ ಇತ್ತ್. ಇದ್ ಕಳ್ಳ, ಬಾಲ ಕಾಣಿ ಹ್ಯಾಂಗ್ ಮಡ್ಚ್ಕಂಡಿತ್ತ್."

ಬೆರಳು ಬಿದ್ದಲ್ಲೆಲ್ಲ ಮಿಯಾಂ. ನಾನು ನೋಡಿ ಹುಡುಕುವ ಮೊದಲೇ ಬೆರಳು ಬಿದ್ದಾಗಿರುತ್ತಿತ್ತು. ಹತ್ತು, ಇಪ್ಪತ್ತೈದು, ನಲವತ್ತು. ಸುಗುಣ ಜಗಳ ಮರೆತು ಹತ್ತಿರ ಬಂದು ನಿಂತಳು. ಮೋಕ್ಷಿತಾ ಅಜ್ಜಿಯ ಬೆನ್ನಿಗೆ ಗಲ್ಲ ಒತ್ತಿಕೊಂಡು ಎಣಿಸುತ್ತಿದ್ದಳು. ಐವತ್ತೊಂದು, ಐವತ್ತೆರಡು. ಅಲ್ಲಿಗೆ ಬೆರಳು ನಿಂತಿತು.

"ಮುಗೀತ್," ಅಂದಳು ವನಜಕ್ಕ.

"ಇಲ್ಲೆ ಅಮ್ಮಮ್ಮ, ಇನ್ನೂ ನಲ್ವತ್ತೆಂಟ್ ಇತ್ತ್."

"ಎಲ್ಲಿತ್? ನಿನ್ ಯಂತ್ರ ಸುಳ್ ಹೇಳತ್ತ್."

"ಕಾಣ್ ಅಮ್ಮಮ್ಮ, ಎಷ್ಟಿತ್ತ್ ಇನ್ನೂ."

ನಾನು ಬಗ್ಗಿ ನೋಡಿದೆ. ಚಿತ್ರದ ಬಲಗಡೆಯೆಲ್ಲ ಅರಿಶಿನ ಎರಚಿದ ಹಾಗಿತ್ತು. ಎಡಗಡೆ ಬಿಳಿ, ಒಂದು ಚುಕ್ಕೆಯಿಲ್ಲ. ಅಲ್ಲಿ ಕಿಟಕಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ ಬೆಕ್ಕೊಂದು ನನ್ನಂಥವನಿಗೂ ಕಂಡಿತು.

ಪ್ರೇಮಾನಂದನಿಗೂ ಕಂಡಿತು. ಚಹಾದ ಲೋಟ ಕೆಳಗಿಟ್ಟ.

"ಗ್ವಾಡೆ ಬದಿ ಬೆಕ್ಕನ್ನ ಹಿಡಿತಿಲ್ಲೆ ಅವ್ಳ್," ಅಂದ. "ಅದೆಲ್ಲ ಅವ್ಳ್ ನೆಂಟ್ರ್."

ಸುಗುಣ ಲೋಟ ತುಟಿಗೆ ಹಿಡಿದವಳು ಹಾಗೇ ನಿಂತಳು. ವನಜಕ್ಕ ತಲೆ ಎತ್ತಿದಳು.

"ಎಂತ ಹೇಳ್ದೆ?"

"ಪುಷ್ಪನ್ ಮನಿಗ್ ನಮ್ ಮೀನ್ ಹೋತ್ತಾ ಇಲ್ಯಾ ಅಂದೇಳಿ ಕೇಂಡದ್ ಅಷ್ಟೇ."

"ಸಾಹ್ಕಾರ್ರೆ." ಅವಳು ಅವನನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ನೀವೂ ಇದನ್ನೇ ನುಂಗ್ಕಂಡ್ ಕೂತದ್ದಾ ಬೆಳಿಗ್ಗಿಂದ?"

 ಮೂವತ್ತು ವರ್ಷ ಸುಳ್ಳು ಮಾರಿಯೇ ಬದುಕಿದವನಿಗೆ ಬೇಕಾದಾಗ ಒಂದು ಸಿಗಲಿಲ್ಲ.

 ಬಿದಿರ ಗಳುವನ್ನು ತೆಗೆದು ನನ್ನ ಕಾಲ ಬಳಿ ಇಟ್ಟಳು. "ತಕಣಿ. ಇಲ್ದಿದ್ ಬೆಕ್ಕನ್ನ ನಾ ಎಲ್ಲಿಂದ್ ತಪ್ಪುದ್? ಇಲ್ಲಿ ಬೆಕ್ಕ್ ಇಲ್ಲೆ, ಅಲ್ಲಿ ಸಾಲ್ ಇಲ್ಲೆ. ಇತ್ತ್ ಅಂಬ್ರ್ ಎಲ್ಲ ಒಂದೇ ಬಾಯಂಗೆ. ನಂಗ್ ಮರ್ಲಾ?"

ಕಳ್ಳರ ಮಾತು ನನಗೆ ಗೊತ್ತು. ಕಳ್ಳ ಆಣೆ ಹಾಕುತ್ತಾನೆ, ದೇವರನ್ನು ಕರೆಯುತ್ತಾನೆ, ಆನೆಗುಡ್ಡೆ ದೇವಸ್ಥಾನಕ್ಕೆ ನಡೆ ಅನ್ನುತ್ತಾನೆ. ನನಗೆ ಮರುಳೇ ಎಂದು ಕೇಳುವುದಿಲ್ಲ. ಆ ಪ್ರಶ್ನೆ ಅವಳು ನಿಜವಾಗಿಯೇ ಕೇಳಿದ್ದಳು. ಉತ್ತರ ಬೇಕಾಗಿತ್ತು ಅವಳಿಗೆ.

ಬುಟ್ಟಿ ಕೊಳ್ಳುವಾಗ ನಮಗೊಂದು ಅಭ್ಯಾಸ. ಮಾರುವವನು ಒಳ್ಳೆಯ ಮೀನನ್ನು ನಮ್ಮ ಬದಿಗೆ ಜೋಡಿಸಿಟ್ಟಿರುತ್ತಾನೆ. ಅವನ ಮುಖ ನೋಡಬಾರದು, ಬುಟ್ಟಿಯನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ನೋಡಬೇಕು. ಯಾಕೆಂದು ಯೋಚಿಸದೆ ಕೈ ತಾನಾಗಿಯೇ ಹೋಯಿತು. ಕ್ರೇಟಿನ ಮೇಲೆ ಮಲಗಿದ್ದ ಟ್ಯಾಬನ್ನು ಹಾಗೇ ನೆಲಕ್ಕೆ ಸಮವಾಗಿ ಅರ್ಧ ಸುತ್ತು ತಿರುಗಿಸಿದೆ. ಊರು ತಲೆಕೆಳಗಾಯಿತು. ಅರಿಶಿನವೆಲ್ಲ ಅವಳ ಎಡಕ್ಕೆ ಹೋಯಿತು, ಬಿಳಿಯೆಲ್ಲ ಬಲಕ್ಕೆ ಬಂತು.

"ಈಗ ಕಾಣಿ ವನಜಕ್ಕ. ಒಂದ್ ಸಲ, ನಂಗೋಸ್ಕರ."

ಬಗ್ಗಿದಳು, ನನಗೋಸ್ಕರ ಅಲ್ಲ, ಹಟಕ್ಕೆ. ಬೆರಳು ಬಿತ್ತು. ಮಿಯಾಂ. ಇನ್ನೊಂದು ಬಿತ್ತು. ತಲೆಕೆಳಗಾದ ಕಿಟಕಿಯ ಬೆಕ್ಕು, ಏಣಿಯ ಹಿಂದಿನದು, ಗಾಡಿಯ ಅಡಿಯದು. ಒಂದೂ ತಪ್ಪದೆ ಹದಿನೈದು ಬೆಕ್ಕು ಹಿಡಿದಳು. ಮೋಕ್ಷಿತಾ ಚಪ್ಪಾಳೆ ತಟ್ಟಲು ಕೈ ಎತ್ತಿದಳು. ಆಗ ವನಜಕ್ಕ ಹುಬ್ಬು ಗಂಟಿಕ್ಕಿ ಕೇಳಿದಳು:

"ಆಗಳ್ ಅರ್ಶಿನ ಆದ್ ಬೆಕ್ಕೆಲ್ಲ ಎಲ್ಲಿಗ್ ಹೋಯ್ತ್?"

ಹುಡುಗಿಯ ಕೈ ಗಾಳಿಯಲ್ಲೇ ಉಳಿಯಿತು.

ಐವತ್ತೆರಡು ಅರಿಶಿನ ಬೆಕ್ಕು ಅವಳ ಎಡಗೈಯಿಂದ ಒಂದು ಗೇಣು ದೂರದಲ್ಲಿದ್ದವು.

 ಟ್ಯಾಬಿನ ಮೆಲು ಸಂಗೀತವೊಂದೇ ಆಡುತ್ತಿತ್ತು. ನನ್ನ ತಲೆಯಲ್ಲಿ ಗಂಜಿ ಬಟ್ಟಲು ತಿರುಗಿತು. ಉಳಿಯುತ್ತಿದ್ದದ್ದು ಎಡಗಡೆಯ ಮೀನು. ಗೇಟಿನ ಕಂಬ ತಿರುಗಿತು. ಬಡಿಯುತ್ತಿದ್ದದ್ದು ಎಡ ಭುಜ. ಸುಗುಣ ಬರುತ್ತಿದ್ದದ್ದು ಗೋಡೆಯ ಕಡೆಯಿಂದ, ಎಡದಿಂದ.

"ವನಜಕ್ಕ," ಅಂದೆ, "ಸುಗುಣ ಎಲ್ಲಿದ್ಲ್?"

"ಆಗಳ್ ಇಲ್ಲೇ ಇದ್ಲಲೆ. ಮನಿಗ್ ಹೋಯ್ಲಾ?"

ಸುಗುಣ ಅವಳ ಎಡ ಭುಜಕ್ಕೆ ತಾಗಿಕೊಂಡೇ ನಿಂತಿದ್ದಳು. ಸೆರಗಿನಿಂದ ಬಾಯಿ ಒತ್ತಿ ಹಿಡಿದಳು.

ಆಮೇಲೆ ವನಜಕ್ಕನನ್ನು ಎಬ್ಬಿಸುವುದೇ ದೊಡ್ಡ ಕೆಲಸವಾಯಿತು. "ಕಣ್ಣ್ ಸರಿ ಇತ್ತ್ ನಂಗೆ, ದೂರದ್ ಬೋಟಿನ್ ನಂಬ್ರ ಓದ್ತೆ," ಎಂದು ಓದಿಯೂ ತೋರಿಸಿದಳು. ಅಂಕಿಗಳಲ್ಲಿ ಕೊನೆಯ ಎರಡನ್ನು ಮಾತ್ರ. ಅಷ್ಟು ಹೊತ್ತಿಗೆ ಗೇಟಿನಲ್ಲಿ ಗಾಡಿಯ ಸದ್ದು. ಪ್ರೇಮಾನಂದ ಯಾರಿಗೂ ಹೇಳದೆ ಹೋಗಿ ಮೀನಿನ ಪಿಕಪ್ ತಂದು ನಿಲ್ಲಿಸಿ, ಮುಂದಿನ ಸೀಟನ್ನು ತನ್ನ ಟವೆಲಿನಿಂದ ಒರೆಸುತ್ತಿದ್ದ.

ಗಂಗೊಳ್ಳಿಯಲ್ಲಿ ನಿಂತರೆ ನೀರಿನ ಆಚೆ ಕುಂದಾಪುರ ಕೂಗಿದರೆ ಕೇಳುವಷ್ಟು ಹತ್ತಿರ. ರಸ್ತೆಯಲ್ಲಿ ಹೋದರೆ ತ್ರಾಸಿ ಸುತ್ತಬೇಕು. ಆ ದಿನ ಆ ಸುತ್ತು ಮುಗಿಯಲೇ ಇಲ್ಲ. ಹಿಂದೆ ಮೀನಿನ ಬುಟ್ಟಿಗಳ ನಡುವೆ ನಾನು, ಮುಂದೆ ಅವಳು ಮತ್ತು ಮೊಮ್ಮಗಳು. ಪ್ರೇಮಾನಂದ ಹಾರನ್ ಮೇಲಿನ ಕೈ ತೆಗೆಯಲಿಲ್ಲ. ಹೆಮ್ಮಾಡಿ ದಾಟುವಾಗ ಕೇಳಿಸಿತು, ಅವಳು ಅವನಿಗೆ ಹೇಳುತ್ತಿದ್ದದ್ದು: "ನಿಧಾನ ಬಿಡ್ ಮಾರಾಯಾ. ಕಳ್ಳಿ ಓಡಿ ಹೋತಿಲ್ಲೆ."

 ಕನ್ನಡಿಯಲ್ಲಿ ಅವನ ಮುಖ ನನಗೆ ಕಾಣುತ್ತಿತ್ತು. ನನ್ನದು ಅವನಿಗೆ ಕಾಣದಿರಲಿ ಎಂದು ಬುಟ್ಟಿಯ ಮರೆಗೆ ಸರಿದೆ.

ಕುಂದಾಪುರದ ಆಸ್ಪತ್ರೆಯವರು ಬಿ.ಪಿ. ನೋಡಿ ಎರಡನೆಯ ಸಲ ನೋಡಿದರು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರರು ಸ್ಕ್ಯಾನ್ ಮಾಡಿಸಿ ನಮ್ಮನ್ನು ಕೂರಿಸಿ ಹೇಳಿದ್ದು ಇಷ್ಟು: ಕಣ್ಣು ಎರಡೂ ಚೆನ್ನಾಗಿವೆ. ಕೆಲವು ವಾರಗಳ ಹಿಂದೆ ತಲೆಯೊಳಗೆ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ. ಎಡಗಡೆ ಇರುವುದು ತಲೆಗೆ ಸೇರುತ್ತಿಲ್ಲ. ಸೇರುತ್ತಿಲ್ಲ ಎಂಬುದೂ ತಲೆಗೆ ಗೊತ್ತಾಗುತ್ತಿಲ್ಲ. ಕೈಕಾಲಿಗೆ ಏನೂ ಆಗದ್ದರಿಂದ ಯಾರಿಗೂ ತಿಳಿಯಲಿಲ್ಲ. ಇನ್ನೊಂದು ದೊಡ್ಡದು ಬರುವ ಮೊದಲು ಕರೆತಂದಿರಿ.

"ಹೇಗೆ ಗೊತ್ತಾಯಿತು ನಿಮಗೆ?" ಎಂದು ಕೇಳಿದರು.

"ಬೆಕ್ಕಿನ ಆಟ," ಅಂದೆ. ಡಾಕ್ಟರರು ನನ್ನನ್ನೂ ಒಮ್ಮೆ ತಪಾಸಣೆ ಮಾಡಬೇಕೇನೋ ಎಂಬಂತೆ ನೋಡಿದರು. ಮೋಕ್ಷಿತಾ ಟ್ಯಾಬ್ ತೋರಿಸಿದ ಮೇಲೆ ಅವರು ನಗಲಿಲ್ಲ. ಇದನ್ನೇ ದಿನಾ ಆಡಿಸಿ ಅಂದರು. ಎಡ ಅಂಚಿಗೆ ಒಂದು ಕೆಂಪು ಗುರುತು ಕಟ್ಟಿ, ಕುತ್ತಿಗೆ ತಿರುಗಿಸಿ ಆ ಗುರುತು ಕಾಣುವ ತನಕ ಹುಡುಕಲು ಹೇಳಿ, ಅಲ್ಲಿಂದಲೇ ಎಣಿಕೆ ಶುರು ಮಾಡಲಿ. ಹೋದದ್ದು ಬರುತ್ತದೆಂದು ಹೇಳಲಾಗದು, ಆದರೆ ಕುತ್ತಿಗೆ ಕಲಿಯುತ್ತದೆ.

ಹೀಗೆ ಆರಾಮಕ್ಕೆಂದು ಮಾಡಿದ ಆಟ ವನಜಕ್ಕನ ಮನೆಯಲ್ಲಿ ಕಠಿಣ ಸಜೆಯಾಯಿತು. ನಾನು ನೋಡಲು ಹೋದಾಗಲೆಲ್ಲ ಟ್ಯಾಬಿನ ಎಡಕ್ಕೆ ಕೆಂಪು ರಿಬ್ಬನ್, ಅವಳ ಹಣೆಯಲ್ಲಿ ಬೆವರು. "ಈ ಆಟ್ದಲ್ ಸೋಲಿಲ್ಲೆ ಅಂಬ್ರ್," ಎಂದಳು ಒಮ್ಮೆ. "ನಾ ದಿನಾ ಸೋಲ್ತೆ." ಅರವತ್ತಾಯಿತು, ಎಪ್ಪತ್ತಾಯಿತು. ಸಿಟ್ಟು ಬಂದ ದಿನ ಮತ್ತೆ ಐವತ್ತೆರಡಕ್ಕೆ ಇಳಿಯಿತು. ಲೀಲಾಧರಣ್ಣ ಮೂಲೆಯಲ್ಲಿ ಸೊಂಟ ಹಿಡಿದು ಕೂತು, ಬೇಕೆಂದೇ ಎಡಗಡೆಯಿಂದಲೇ ನೀರಿನ ಲೋಟ ಕೊಡುತ್ತಿದ್ದ. ಅವಳಿಗೆ ಲೋಟ ಸಿಗುವ ತನಕ ಅವನು ಕೈ ಇಳಿಸುತ್ತಿರಲಿಲ್ಲ.

ನಾನು ಕ್ಷಮೆ ಕೇಳಲಿಲ್ಲ. ಕೇಳಿದರೆ ಅವಳು ಕೊಟ್ಟುಬಿಡುತ್ತಿದ್ದಳು, ನನಗದು ಅಗ್ಗದ ವ್ಯಾಪಾರವಾಗುತ್ತಿತ್ತು. ಅವಳೂ ಕೇಳಿದ್ದು ಒಂದೇ: "ನನ್ ಕ್ರೇಟಿನ್ ಮೇಲ್ ಯಾರನ್ ಕೂರ್ಸಿರಿ?"

ಯಾರನ್ನೂ ಕೂರಿಸಿರಲಿಲ್ಲ. ಹಸಿರು ಬಲೆಯೂ ಬಿಚ್ಚದೆ ಗೋದಾಮಿನಲ್ಲಿತ್ತು. ಬಿಚ್ಚಿ ಎಂದು ಪ್ರೇಮಾನಂದ ಹೇಳಲಿಲ್ಲ, ಬೇಡ ಎಂದು ನಾನೂ ಹೇಳಲಿಲ್ಲ. ಆದರೆ ಅವನ ಸಂಶಯ ಹೋಗಿರಲಿಲ್ಲ. ಈಗ ಅದು ಬೇರೆ ಬಗೆಯದು, ಅದರಲ್ಲಿ ತಪ್ಪೂ ಇರಲಿಲ್ಲ. "ಭಾವ, ಪಾಪ ಅಂದೇಳಿ ಕರ್ಕಂಬುದಾರೆ ಕರ್ಕಣಿ. ಕಾಂಬುಕ್ ಆತ್ತಾ ಅವ್ಳಿಗೆ? ಪಾಪಕ್ಕೆ ಕೂತ್ಕಂಡ್ರೆ ಅವ್ಳಿಗೇ ಬೇಜಾರ್." ಅದು ನನಗೂ ಗೊತ್ತಿತ್ತು. ಬೆಕ್ಕು ನಡೆದು ಬರುವ ಅಂಗಳದಲ್ಲಿ ಗಳು ಹಿಡಿದು ಕೂರುವುದು ವನಜಕ್ಕನಿಗೆ ಕಳ್ಳಿ ಅನಿಸಿಕೊಂಡದ್ದಕ್ಕಿಂತ ಕೆಟ್ಟದ್ದು.

ಡಿಸೆಂಬರಿನಲ್ಲಿ ಅವಳು ಬರುವ ಹಿಂದಿನ ದಿನ ನಾನೇ ಆ ಕ್ರೇಟನ್ನು ಹೊನ್ನೆ ಮರದ ಬುಡದಿಂದ ಎತ್ತಿ ಐಸ್ ಪ್ಲಾಂಟಿನ ಗೋಡೆಗೆ ತಾಗಿಸಿ ಇಟ್ಟೆ. ಅಲ್ಲಿ ಕೂತರೆ ಅವಳ ಎಡಕ್ಕೆ ಬರಿಯ ಗೋಡೆ, ಅಂಗಳದ ಎಂಟು ಸಾಲೂ ಬಲಕ್ಕೆ. ವಾರಗಟ್ಟಲೆ ಬೆಕ್ಕುಗಳು ಗೋಡೆಯ ಬದಿಯಿಂದಲೇ ಬರುತ್ತಿದ್ದದ್ದು ಸುಮ್ಮನೆ ಅಲ್ಲ. ಡಾಕ್ಟರಿಗಿಂತ, ನನಗಿಂತ ಮೊದಲೇ ಅವಕ್ಕೆ ತಿಳಿದಿತ್ತು. ಎದುರಿನವನ ಕಣ್ಣು ಎಲ್ಲಿ ತಲುಪುವುದಿಲ್ಲವೋ ಅಲ್ಲೇ ಅವುಗಳ ವ್ಯಾಪಾರ. ನನ್ನದೂ ಅದೇ ಕಸುಬು, ಆದರೂ ನಾನು ಹಿಂದೆ ಬಿದ್ದೆ.

ವನಜಕ್ಕ ಬಂದವಳು ಹೊನ್ನೆ ಮರದ ಬುಡ ನೋಡಿದಳು, ಗೋಡೆಯ ಬದಿಯ ಕ್ರೇಟು ಹುಡುಕಿ ನೋಡಿದಳು, ನನ್ನನ್ನು ನೋಡಿದಳು. ಹೋಗಿ ಕೂತಳು. ಹತ್ತು ಗಂಟೆಯ ಹೊತ್ತಿಗೆ ಪಟ್ಟೆ ಬೆಕ್ಕು ಗೋಡೆಯ ಮೇಲೆ ಬಂತು, ಎಂದಿನ ನೆಂಟರ ನಡಿಗೆಯಲ್ಲಿ. ಕೆಳಗೆ ಹಾರಿ ಎರಡು ಹೆಜ್ಜೆ ಇಟ್ಟದ್ದೇ ಗಳು ಅದರ ಮೂಗಿನ ಮುಂದೆ ಬಿತ್ತು. ಆ ದಿನ ಬೆಕ್ಕು ಓಡಿತು.

ಪ್ರೇಮಾನಂದ ಗೋದಾಮಿನ ಬಾಗಿಲಲ್ಲಿ ನಿಂತು ನೋಡಿದ. ಒಂದು ಬೆಕ್ಕಿಗೆ ಅವನು ಒಪ್ಪುವವನಲ್ಲ.

ನಾಲ್ಕಕ್ಕೆ ಚಹಾ ಬಂದಾಗ ವನಜಕ್ಕ ಕಿವಿ ಕೊಟ್ಟು ಕೂತಳು. "ಗೋದಾಮಲ್ ಮರಿ ಹಾಕಿತ್ತ್," ಅಂದಳು.

"ಎಂತದೂ ಇಲ್ಲೆ," ಅಂದ ಪ್ರೇಮಾನಂದ. "ದಿನಾ ಕಾಂತೆ ನಾ."

ಅವಳು ಎದ್ದು ನಡೆದಳು, ಗಳುವಿನಿಂದ ಎಡಗಡೆ ತಡವಿಕೊಂಡು. ಅಜ್ಜಿಯ ಜತೆ ಬಂದಿದ್ದ ಮೋಕ್ಷಿತಾಳೂ ಸೇರಿ ನಾವೆಲ್ಲ ಹಿಂದೆ. ಸೀದಾ ಹೋದದ್ದು ಮೂಲೆಗೆ, ಮಲ್ಪೆಯಿಂದ ಬಂದ ಹಸಿರು ಬಲೆಯ ಸುರುಳಿಯ ಬಳಿಗೆ. ಅದರ ಮೇಲ್ಮಡಿಕೆ ಸರಿಸಿದಳು. ಬೆಕ್ಕನ್ನು ಅಟ್ಟಲೆಂದು ತಂದ ಬಲೆಯ ನಡುವೆ, ಬಾಣಂತಿ ಕೋಣೆಯಂತೆ ಗುಂಡಿ ಮಾಡಿಕೊಂಡು ಒಂದು ಬೂದು ಬೆಕ್ಕು ಮಲಗಿತ್ತು. ಹೊಟ್ಟೆಗೆ ಅಂಟಿಕೊಂಡು ಕಣ್ಣು ಬಿಡದ ಮರಿಗಳು.

ಸುಗುಣ ನಕ್ಕಳು. ಪ್ರೇಮಾನಂದ ನಗಲಿಲ್ಲ. ಅವನು ಮರಿಗಳನ್ನು ನೋಡುತ್ತಿರಲಿಲ್ಲ, ವನಜಕ್ಕನನ್ನು ನೋಡುತ್ತಿದ್ದ. ಎಷ್ಟೋ ಮೆಲ್ಲಗೆ ಕೇಳಿದ, ವ್ಯಂಗ್ಯವಿಲ್ಲದೆ:

"ಎಷ್ಟ್ ಮರಿ ವನಜಕ್ಕ?"

"ನಾಲ್ಕ್."

ಮರಿಗಳು ಐದಿದ್ದವು. ಐದನೆಯದು ತಾಯಿಯ ಬೆನ್ನ ಹಿಂದೆ, ಎಡಗಡೆ, ಬಲೆಯ ಮಡಿಕೆಯಲ್ಲಿ ಸಿಕ್ಕಿಕೊಂಡು ಮಲಗಿತ್ತು. ಮೋಕ್ಷಿತಾ ಬಾಯಿ ತೆರೆದಳು. ನಾನು ಅವಳ ಕೈ ಹಿಡಿದೆ. ಸುಗುಣ ನನ್ನನ್ನು ನೋಡಿದಳು. ಪ್ರೇಮಾನಂದ ತಲೆ ತಗ್ಗಿಸಿದ. ಗೆದ್ದವನ ಹಾಗೆ ಅಲ್ಲ, ಕೆಟ್ಟ ಸುದ್ದಿ ತಂದವನ ಹಾಗೆ. ಐಸ್ ಪ್ಲಾಂಟಿನ ಯಂತ್ರ ಗೋಡೆಯಾಚೆ ಗುಂಯ್ ಅನ್ನುತ್ತಿತ್ತು. ವನಜಕ್ಕ ಇನ್ನೂ ಬಗ್ಗಿಯೇ ಇದ್ದಳು.

ಆಮೇಲೆ ಅವಳ ಕುತ್ತಿಗೆ ಅಲುಗಿತು. ಅಲ್ಲಿಲ್ಲದ ಒಂದು ಕೆಂಪು ರಿಬ್ಬನ್ನನ್ನು ಹುಡುಕುವವಳಂತೆ ಮುಖ ನಿಧಾನವಾಗಿ ಎಡಕ್ಕೆ ತಿರುಗಿತು, ಇನ್ನೂ ತಿರುಗಿತು, ಗಲ್ಲ ಭುಜಕ್ಕೆ ತಾಗುವ ತನಕ ತಿರುಗಿತು. ಅಲ್ಲಿಂದ ಕಣ್ಣು ಒಂದೊಂದೇ ಮಡಿಕೆ ದಾಟಿ ವಾಪಸು ಬಂತು.

"ಐದ್," ಅಂದಳು. ಕೈ ಹಾಕಿ ಸಿಕ್ಕು ಬಿಡಿಸಿ ಮರಿಯನ್ನು ತಾಯಿಯ ಹೊಟ್ಟೆಗೆ ಸೇರಿಸಿದಳು. ನೆಟ್ಟಗಾಗಿ ನಮ್ಮೆಲ್ಲರ ಮುಖ ನೋಡಿದಳು, ಎಡಗಡೆಯ ಪ್ರೇಮಾನಂದನಿಂದ ಶುರು ಮಾಡಿ.

"ಎಂತಕೆ ಹೆಣ ಕಂಡ್ರಂಗೆ ನಿಂತಿರಿ? ಅಂಗ್ಳಲ್ ಯಾರಿದ್ರ್ ಈಗ? ಎಲ್ಲ ಇಲ್ಲೇ ಬಂದ್ ನಿಂತ್ರೆ ಮೀನ್ ಕಾಂಬುದ್ ಯಾರ್?"

ಅವಳ ಗಳು ಎತ್ತಿಕೊಂಡು ಎಲ್ಲರಿಗಿಂತ ಮೊದಲು ಹೊರಗೆ ಹೋದವನು ಪ್ರೇಮಾನಂದ. ನಾವು ಬರುವಾಗ ಗೋಡೆಯ ಬದಿಯ ಕ್ರೇಟಿನ ಪಕ್ಕ ನಿಂತು, ಬಿದಿರ ಗಳುವಿನ ತುದಿಗೆ ಹೊಸದೊಂದು ಪ್ಲಾಸ್ಟಿಕ್ ಚೀಲ ಕಟ್ಟುತ್ತಿದ್ದ.